ನೀರಿನ ತಕ್ಕಡಿ ಯಾರ ಕೈಯಲ್ಲಿದೆ?

2025ರ ಜನವರಿ 30ರಂದು ಸುಪ್ರೀಂ ಕೋರ್ಟು ಒಂದು ತೀರ್ಪು ನೀಡಿತು. ತಮಿಳುನಾಡಿನ ವೆಲ್ಲೂರು ಭಾಗದಲ್ಲಿ ಪಾಲಾರ್ ನದಿಯನ್ನೂ ಅದರ ಇಕ್ಕೆಲದ ಹೊಲಗಳನ್ನೂ ಹಾಳುಗೆಡವಿದ ಚರ್ಮ ಹದ ಮಾಡುವ ಕಾರ್ಖಾನೆಗಳಿಗೆ ಸಂಬಂಧಿಸಿದ ತೀರ್ಪು ಅದು. ಸಂತ್ರಸ್ತರಿಗೆ ಬಾಕಿ ಉಳಿದಿರುವ ಪರಿಹಾರವನ್ನು ಆರು ವಾರಗಳೊಳಗೆ ಸರಕಾರ ಕೊಡಬೇಕು, ಆ ಹಣವನ್ನು ನೀರು ಕೆಡಿಸಿದವರಿಂದಲೇ ವಸೂಲು ಮಾಡಬೇಕು, ಪರಿಸ್ಥಿತಿಯ ಮೇಲೆ ನಿಗಾ ಇಡಲು ನಿವೃತ್ತ ಹೈಕೋರ್ಟು ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಬೇಕು ಎಂದು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹಾದೇವನ್ ಅವರ ಪೀಠ ಆದೇಶಿಸಿತು. ಸಮುದಾಯದ ಹಿತ-ಅಹಿತಗಳ ಬಗ್ಗೆ ಮಾತನಾಡುವ ನಮ್ಮ ವೇದಿಕೆಗಳಲ್ಲಿ ಇಂಥ ತೀರ್ಪಿಗೆ ಜಾಗವಿಲ್ಲ. ಇದು ಪರಿಸರವಾದಿಗಳ ವಿಷಯ, ವಕೀಲರ ವಿಷಯ, ಪಕ್ಕದ ರಾಜ್ಯದ ವಿಷಯ ಎಂದು ಪಕ್ಕಕ್ಕೆ ಸರಿಸುವುದು ಸುಲಭ. ಆದರೆ ಇದು ಹಾಗೆ ಸರಿಸಿಬಿಡಬಹುದಾದ ವಿಷಯವೇ?

ಅಲ್ಲ ಎನ್ನಲು ಎರಡು ಕಾರಣಗಳಿವೆ. ಮೊದಲನೆಯದು, ಪಾಲಾರ್ ಹುಟ್ಟುವುದು ನಮ್ಮದೇ ನಾಡಿನ ನಂದಿ ಬೆಟ್ಟದ ಸೀಮೆಯಲ್ಲಿ. ಅದರ 348 ಕಿಲೋಮೀಟರ್ ಉದ್ದದ ಹರಿವಿನಲ್ಲಿ 93 ಕಿಲೋಮೀಟರ್ ಕರ್ನಾಟಕದ್ದು, 33 ಆಂಧ್ರದ್ದು, ಉಳಿದ 222 ತಮಿಳುನಾಡಿನದ್ದು. ಕೋಲಾರ ಜಿಲ್ಲೆಯ ಬೇತಮಂಗಲದ ಕೆರೆ ತುಂಬುವುದು ಇದೇ ನದಿಯಿಂದ. ಎರಡನೆಯದು, ವಾಣಿಯಂಬಾಡಿ, ಆಂಬೂರು, ಪೇರ್ಣಾಂಬಟ್ಟು, ಮೇಲ್ವಿಶಾರಂ ಮೊದಲಾದ ಊರುಗಳಲ್ಲಿ ಚರ್ಮೋದ್ಯಮವನ್ನು ಕಟ್ಟಿ ಬೆಳೆಸಿದವರಲ್ಲಿ ಮುಸ್ಲಿಮ್ ವರ್ತಕ ಮನೆತನಗಳದ್ದೇ ದೊಡ್ಡ ಪಾಲು. ಕಾರ್ಖಾನೆಯ ಮಾಲಕರಲ್ಲಿ ನಮ್ಮವರಿದ್ದಾರೆ. ತೊಟ್ಟಿಯಲ್ಲಿ ನಿಂತು ತೊಗಲು ಎತ್ತುವ ಕಾರ್ಮಿಕರಲ್ಲಿ ದಲಿತರೊಂದಿಗೆ ನಮ್ಮವರೂ ಇದ್ದಾರೆ. ಬಾವಿ ಕೆಟ್ಟುಹೋದ ಮನೆಗಳಲ್ಲೂ ನಮ್ಮವರಿದ್ದಾರೆ. ಹೀಗಿರುವಾಗ ಇದು ಬೇರೆಯವರ ಜಗಳ ಎಂದು ಯಾವ ಮುಖದಿಂದ ಹೇಳುವುದು?

ಈ ಮೊಕದ್ದಮೆಯ ಇತಿಹಾಸವನ್ನು ಸ್ವಲ್ಪ ನೋಡೋಣ. ವೆಲ್ಲೂರಿನ ನಾಗರಿಕರ ವೇದಿಕೆಯೊಂದು ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದ್ದು 1991ರಲ್ಲಿ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಪೀಠ ತೀರ್ಪು ಕೊಟ್ಟದ್ದು 1996ರ ಆಗಸ್ಟ್ 28ರಂದು. ಚರ್ಮೋದ್ಯಮದ ಪ್ರದೇಶದಲ್ಲಿ ಸುಮಾರು 35,000 ಹೆಕ್ಟೇರ್ ಕೃಷಿಭೂಮಿ ಭಾಗಶಃ ಅಥವಾ ಪೂರ್ತಿಯಾಗಿ ಬೇಸಾಯಕ್ಕೆ ಅಯೋಗ್ಯವಾಗಿದೆ ಎಂಬ ಸಮೀಕ್ಷೆಯ ವರದಿ ಆ ತೀರ್ಪಿನಲ್ಲಿ ದಾಖಲಾಗಿದೆ. ದಿಂಡಿಗಲ್ ಕಡೆಯ 13 ಹಳ್ಳಿಗಳಲ್ಲಿ ಪರಿಶೀಲಿಸಿದ 467 ಬಾವಿಗಳ ಪೈಕಿ 350 ಕೆಟ್ಟುಹೋಗಿದ್ದವು ಎಂಬುದೂ ಅಲ್ಲಿದೆ. ಕೆಡಿಸಿದವನೇ ತೆರಬೇಕು, ಹಾನಿ ಸಂಭವಿಸುವ ಮೊದಲೇ ಎಚ್ಚರ ವಹಿಸಬೇಕು ಎಂಬ ಎರಡು ತತ್ವಗಳು ಈ ದೇಶದ ಕಾನೂನಿನ ಭಾಗವೆಂದು ಕೋರ್ಟು ಸಾರಿದ್ದು ಈ ತೀರ್ಪಿನಲ್ಲಿಯೇ. ಪ್ರತಿಯೊಂದು ಕಾರ್ಖಾನೆಗೆ 10,000 ರೂಪಾಯಿ ದಂಡ ವಿಧಿಸಲಾಯಿತು. ಹಾನಿಯ ಲೆಕ್ಕ ಹಾಕಲು ಪ್ರಾಧಿಕಾರವೊಂದು ರಚನೆಯಾಯಿತು.

ಆ ಪ್ರಾಧಿಕಾರ 2001ರ ಮಾರ್ಚ್‌ನಲ್ಲಿ ತನ್ನ ನಿರ್ಣಯ ನೀಡಿತು. ವೆಲ್ಲೂರು ಜಿಲ್ಲೆಯ ಏಳು ತಾಲೂಕುಗಳಲ್ಲಿ 15,000 ಹೆಕ್ಟೇರ್‌ಗೂ ಮಿಕ್ಕಿದ ಕೃಷಿಭೂಮಿ ಹಾಳಾಗಿದೆ, 29,193 ಮಂದಿ ಸಂತ್ರಸ್ತರಿದ್ದಾರೆ, ಅವರಿಗೆ ಒಟ್ಟು 26.82 ಕೋಟಿ ರೂಪಾಯಿ ಪರಿಹಾರ ಸಲ್ಲಬೇಕು ಎಂದಿತು. ಕೇಳುವಾಗ ದೊಡ್ಡ ಮೊತ್ತ. ಭಾಗಿಸಿ ನೋಡಿದರೆ ತಲೆಗೆ ಸರಾಸರಿ ಒಂಬತ್ತು ಸಾವಿರ ರೂಪಾಯಿ ಚಿಲ್ಲರೆ. ತೆಂಗು ಒಣಗಿ, ಬಾವಿ ಉಪ್ಪಾಗಿ, ಹೊಲ ಬಿಟ್ಟು ಊರು ಬಿಟ್ಟವನಿಗೆ ಒಂಬತ್ತು ಸಾವಿರ! ಅದೂ ಎಲ್ಲರ ಕೈ ಸೇರಲಿಲ್ಲ ಎಂಬುದಕ್ಕೆ 2025ರ ತೀರ್ಪೇ ಸಾಕ್ಷಿ. ಅರ್ಜಿ ಹಾಕಿದ ದಿನ ಹುಟ್ಟಿದ ಮಗುವಿಗೆ ಈ ತೀರ್ಪು ಬರುವಾಗ ಮೂವತ್ತಮೂರು ವರ್ಷ ದಾಟಿತ್ತು.

ಈ ವಿಳಂಬಕ್ಕೆ ಕಾರಣವೇನು? ಕಾನೂನು ಇರಲಿಲ್ಲವೇ? ಇತ್ತು. ಜಲಮಾಲಿನ್ಯ ತಡೆ ಕಾಯ್ದೆ 1974ರದ್ದು. ಪರಿಸರ ಸಂರಕ್ಷಣಾ ಕಾಯ್ದೆ 1986ರದ್ದು. ಮಂಡಳಿ ಇರಲಿಲ್ಲವೇ? ಅದೂ ಇತ್ತು. ಎಷ್ಟು ಕೊಳೆ ಹೊರಬಿಡಬಹುದೆಂಬ ಮಿತಿ ಇರಲಿಲ್ಲವೇ? ಅದೂ ಮುದ್ರಿತವಾಗಿತ್ತು. ಇಲ್ಲದಿದ್ದುದು ಒಂದೇ, ಜನ ನಂಬಬಹುದಾದ ಅಳತೆ. ನೀರಿಗೆ ಏನು ಸೇರುತ್ತಿದೆ, ಎಷ್ಟು ಸೇರುತ್ತಿದೆ, ಯಾವ ಹೊತ್ತಿನಲ್ಲಿ ಸೇರುತ್ತಿದೆ ಎಂಬುದನ್ನು ತೂಗುವ ತಕ್ಕಡಿ ಕೊಳೆ ಬಿಡುವವನ ಅಂಗಳದಲ್ಲಿಯೇ ಇತ್ತು. ಅದರ ಮುಳ್ಳನ್ನು ಓದುವ ಅಧಿಕಾರ ಮಂಡಳಿಯ ಕಡತದೊಳಗಿತ್ತು. ಕುಡಿಯುವವನಿಗೆ ಅದನ್ನು ನೋಡುವ ಅವಕಾಶವಿರಲಿಲ್ಲ. ಈ ಸ್ಥಿತಿ ಇಂದಿಗೂ ಹೆಚ್ಚು ಬದಲಾಗಿಲ್ಲ. ನಮ್ಮ ಮಾತಿನ ತಿರುಳು ಇಷ್ಟೇ: ಈ ತಕ್ಕಡಿ ಜನರ ಕಣ್ಣೆದುರಿಗೆ ಬರದ ಹೊರತು ಯಾವ ತೀರ್ಪಿನಿಂದಲೂ ಯಾವ ನದಿಯೂ ಉಳಿಯದು.

ಚರ್ಮದ ಕಾರ್ಖಾನೆಯ ನೀರಿನಲ್ಲಿ ಏನಿರುತ್ತದೆ ಎಂಬುದನ್ನು ಓದುಗರು ತಿಳಿಯಬೇಕು. ಹಸಿ ತೊಗಲು ಕೊಳೆಯದಂತೆ ಅದಕ್ಕೆ ಉಪ್ಪು ಹಚ್ಚಿಡುತ್ತಾರೆ. ಕಾರ್ಖಾನೆಯಲ್ಲಿ ಅದನ್ನು ನೆನೆಸಿ ತೊಳೆಯುವಾಗ ಆ ಉಪ್ಪೆಲ್ಲ ನೀರಿಗೆ ಬರುತ್ತದೆ. ಮುಂದೆ ಸುಣ್ಣ, ಸಲ್ಫೈಡ್, ಆಮ್ಲ, ಕೊನೆಗೆ ಕ್ರೋಮಿಯಂ ಲವಣ. ಒಂದು ಕಿಲೋ ಚರ್ಮಕ್ಕೆ ಸುಮಾರು 35 ಲೀಟರ್ ನೀರು ಬೇಕೆಂದೂ, ಕ್ರೋಮಿಯಂ ವಿಧಾನದಲ್ಲಿ 170ರಷ್ಟು ಬಗೆಯ ರಾಸಾಯನಿಕಗಳು ಬಳಕೆಯಾಗುತ್ತವೆಂದೂ 1996ರ ತೀರ್ಪಿನಲ್ಲಿ ಹೇಳಲಾಗಿದೆ. ಕೊಳೆಯುವ ಪದಾರ್ಥವನ್ನು ಸೂಕ್ಷ್ಮಾಣುಗಳಿಂದ ತಿನ್ನಿಸಿ ತೆಗೆಯಬಹುದು. ಕ್ರೋಮಿಯಮನ್ನು ಕೆಸರಿನೊಂದಿಗೆ ಕೆಳಗಿಳಿಸಬಹುದು. ಆದರೆ ಕರಗಿದ ಉಪ್ಪನ್ನು ಸಾಮಾನ್ಯ ಶುದ್ಧೀಕರಣ ಘಟಕ ತೆಗೆಯಲಾರದು. ಅದಕ್ಕೆ ಒತ್ತಡದಿಂದ ಸೋಸುವ ಮತ್ತು ನೀರನ್ನು ಆವಿ ಮಾಡುವ ದುಬಾರಿ ಯಂತ್ರಗಳು ಬೇಕು. ವಿದ್ಯುತ್ ಬಿಲ್ಲು ಏರುತ್ತದೆ. ಆ ಖರ್ಚನ್ನು ಉಳಿಸುವ ಆಸೆ ಹುಟ್ಟುವುದು ಅಲ್ಲಿಯೇ. ಆ ಆಸೆಗೆ ಬೆಲೆ ತೆರುವವನು ಕೆಳಗಿನ ಊರಿನ ರೈತ.

ಇನ್ನು ಅಳತೆಯ ವಿಧಾನ ನೋಡಿ. 1974ರ ಕಾಯ್ದೆಯ 21ನೆಯ ಕಲಮಿನಂತೆ ಮಂಡಳಿಯ ಅಧಿಕಾರಿ ಕಾರ್ಖಾನೆಯವರಿಗೆ ಆ ಸ್ಥಳದಲ್ಲಿಯೇ ನೋಟೀಸು ಕೊಟ್ಟು ಮಾದರಿ ತೆಗೆಯಬೇಕು, ಅದನ್ನು ಎರಡು ಭಾಗ ಮಾಡಿ ಮೊಹರು ಹಾಕಬೇಕು, ಇಬ್ಬರೂ ಸಹಿ ಮಾಡಬೇಕು. ನ್ಯಾಯದ ದೃಷ್ಟಿಯಿಂದ ಇದು ಸರಿಯಾದ ಕ್ರಮವೇ. ಆದರೆ ಒಂದು ಬಾಟಲಿ ಹೇಳುವುದು ಆ ಒಂದು ಗಳಿಗೆಯ ಕಥೆಯನ್ನು ಮಾತ್ರ. ಅಧಿಕಾರಿ ಗೇಟಿಗೆ ಬಂದಾಗ ಶುದ್ಧೀಕರಣ ಘಟಕ ಓಡುತ್ತದೆ, ಹೋದ ಮೇಲೆ ನಿಲ್ಲುತ್ತದೆ. ಒಳ್ಳೆಯ ನೀರು ಬೆರೆಸಿ ಕೊಳೆಯ ಪ್ರಮಾಣವನ್ನು ತೆಳುವಾಗಿಸಬಹುದು. ಮಳೆ ಬಿದ್ದ ರಾತ್ರಿ ತೊಟ್ಟಿಯ ಬಾಗಿಲು ತೆರೆಯಬಹುದು. ಹಗಲಿನ ಒಂದು ಬಾಟಲಿಯಿಂದ ರಾತ್ರಿಯ ಪಾಪವನ್ನು ಅಳೆಯಲು ಸಾಧ್ಯವೇ?

ಈ ಮೋಸಕ್ಕೆ ಮದ್ದೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರ ಫೆಬ್ರವರಿಯಲ್ಲಿ ಒಂದು ನಿರ್ದೇಶನ ಹೊರಡಿಸಿತು. ಅತಿ ಹೆಚ್ಚು ಮಲಿನಗೊಳಿಸುವ 17 ವರ್ಗಗಳ ಉದ್ದಿಮೆಗಳು ಮತ್ತು ಸಾಮೂಹಿಕ ಶುದ್ಧೀಕರಣ ಘಟಕಗಳು ತಮ್ಮ ಕೊಳವೆಯ ಬಾಯಿಯಲ್ಲಿ ಹಗಲಿರುಳು ಅಳೆಯುವ ಯಂತ್ರಗಳನ್ನು ಅಳವಡಿಸಬೇಕು, ಅಂಕಿಗಳು ನೇರವಾಗಿ ಮಂಡಳಿಗೆ ತಲುಪಬೇಕು ಎಂಬುದು ಅದರ ಆಶಯ. ಒಳ್ಳೆಯ ಹೆಜ್ಜೆ. ಆದರೆ ಯಂತ್ರವನ್ನು ಕೊಳ್ಳುವವನು ಕಾರ್ಖಾನೆಯವನು, ಕೂರಿಸುವವನು ಅವನು, ದುರಸ್ತಿ ಮಾಡಿಸುವವನೂ ಅವನೇ. ಗಾಣದವನ ತಕ್ಕಡಿಯಲ್ಲಿ ಗಾಣದವನೇ ಎಣ್ಣೆ ತೂಗಿದಂತಾಯಿತು. ಅಂಕಿ ಮಂಡಳಿಗೆ ತಲುಪಿದ ಮೇಲಾದರೂ ಊರಿನವನಿಗೆ ತಲುಪುತ್ತದೆಯೇ? ಕಾರ್ಖಾನೆಯ ಪಕ್ಕದ ಬೀದಿಯ ಮನೆಯಾಕೆ ಬೆಳಿಗ್ಗೆ ಕೊಡ ಎತ್ತುವ ಮೊದಲು ಓದಬಹುದಾದ ಭಾಷೆಯಲ್ಲಿ, ಓದಬಹುದಾದ ಜಾಗದಲ್ಲಿ ಅದು ಇದೆಯೇ?

ಅಳೆಯುವುದೇನನ್ನು ಎಂಬುದೂ ಅಷ್ಟೇ ಮುಖ್ಯ. ದೇಶದಲ್ಲಿ 351 ನದಿ ಭಾಗಗಳು ಮಲಿನವಾಗಿವೆ ಎಂದು ಕೇಂದ್ರ ಮಂಡಳಿ 2018ರಲ್ಲಿ ಪಟ್ಟಿ ಮಾಡಿತು. 2022ರ ಪಟ್ಟಿಯಲ್ಲಿ ಆ ಸಂಖ್ಯೆ 311ಕ್ಕೆ ಇಳಿಯಿತು. ಸಂತೋಷಪಡೋಣ. ಆದರೆ ಈ ಪಟ್ಟಿಯ ಮಾನದಂಡ ಜೈವಿಕ ಆಮ್ಲಜನಕದ ಬೇಡಿಕೆ, ಅಂದರೆ ನೀರಿನಲ್ಲಿ ಕೊಳೆಯುವ ಪದಾರ್ಥ ಎಷ್ಟಿದೆ ಎಂಬುದರ ಲೆಕ್ಕ. ಅದು ಲೀಟರಿಗೆ 3 ಮಿಲಿಗ್ರಾಂ ಮೀರಿದರೆ ಆ ಭಾಗ ಪಟ್ಟಿಗೆ ಸೇರುತ್ತದೆ. ಚರಂಡಿಯ ಕೊಳೆಯನ್ನು ಗುರುತಿಸಲು ಇದು ಸಾಕು. ಉಪ್ಪನ್ನು, ಕ್ರೋಮಿಯಮನ್ನು, ಸೀಸವನ್ನು ಈ ಅಳತೆಗೋಲು ಕಾಣುವುದೇ ಇಲ್ಲ. ನದಿ ಬತ್ತಿ ಮರಳಷ್ಟೇ ಉಳಿದಿದ್ದರೆ ಮೇಲಿನಿಂದ ತೆಗೆಯಲು ಮಾದರಿಯೂ ಇರುವುದಿಲ್ಲ. ವಿಷವಿರುವುದು ಮರಳಿನಡಿಯ ಬಾವಿಗಳಲ್ಲಿ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಅಷ್ಟು ಸಣ್ಣ ಪ್ರಮಾಣವನ್ನು ಕಣ್ಣು ಕಾಣದು, ನಾಲಿಗೆ ಅರಿಯದು. ಪ್ರಯೋಗಾಲಯವೇ ಹೇಳಬೇಕು.

ಇಲ್ಲಿ ಸಮುದಾಯದ ಮುಂದೆ ಒಂದು ಪ್ರಶ್ನೆ ಇಡಬೇಕಾಗಿದೆ. ಅಳತೆ ಮತ್ತು ತೂಕದಲ್ಲಿ ವಂಚಿಸುವವರ ಕುರಿತು ಪವಿತ್ರ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ. ಅಲ್ ಮುತಫ್ಫಿಫೀನ್ ಎಂಬ 83ನೆಯ ಅಧ್ಯಾಯದ ಹೆಸರೇ ಆ ವಂಚಕರದ್ದು. ಪ್ರವಾದಿ ಶುಐಬ್(ಅ)ರು ಮದ್‌ಯನ್ ಜನತೆಗೆ ಬೋಧಿಸುವಾಗ ಏಕದೇವಾರಾಧನೆಯ ಕರೆಯ ಬೆನ್ನಿಗೇ ಹೇಳಿದ ಮಾತು ಅಳತೆ-ತೂಕವನ್ನು ಸರಿಯಾಗಿಡುವ ಕುರಿತು, ಭೂಮಿಯಲ್ಲಿ ಕ್ಷೋಭೆ ಹರಡದಿರುವ ಕುರಿತು. ಈ ಎರಡನ್ನೂ ಒಟ್ಟಿಗೆ ಹೇಳಿದ್ದು ಆಕಸ್ಮಿಕವೆಂದು ನಾವು ಭಾವಿಸುವುದಿಲ್ಲ. ಸುಳ್ಳು ತೂಕವೇ ಭೂಮಿಯ ಕೇಡಿಗೆ ಬಾಗಿಲು. ಅಂಗಡಿಯಲ್ಲಿ ಅಕ್ಕಿ ಕಡಿಮೆ ತೂಗಿದವನನ್ನು ನಮ್ಮ ಖತೀಬರು ಮಿಂಬರಿನ ಮೇಲಿಂದ ಎಚ್ಚರಿಸುತ್ತಾರೆ. ಅದು ಸರಿ. ಆದರೆ ಕೊಳವೆಯ ಬಾಯಿಯಲ್ಲಿ ವಿಷವನ್ನು ಕಡಿಮೆ ತೂಗಿ ತೋರಿಸಿದವನ ಬಗ್ಗೆ ಯಾವ ಜುಮಾ ಖುತ್ಬಾದಲ್ಲಿ ಮಾತು ಬಂದಿದೆ? ಅಕ್ಕಿಯಲ್ಲಿ ನೂರು ಗ್ರಾಂ ಕದ್ದವನು ಒಂದು ಮನೆಗೆ ಅನ್ಯಾಯ ಮಾಡಿದ. ನೀರಿನ ಲೆಕ್ಕದಲ್ಲಿ ಕದ್ದವನು ಇನ್ನೂ ಹುಟ್ಟದ ಮಕ್ಕಳಿಗೂ ಅನ್ಯಾಯ ಮಾಡಿದ. ಇವರಲ್ಲಿ ಯಾರ ಅಪರಾಧ ದೊಡ್ಡದು?

ಇಸ್ಲಾಮೀ ನಾಗರಿಕತೆಯಲ್ಲಿ ಈ ಕೆಲಸಕ್ಕೆಂದೇ ಒಬ್ಬ ಅಧಿಕಾರಿ ಇದ್ದ. ಮುಹ್ತಸಿಬ್ ಎಂದು ಅವನ ಹೆಸರು. ಪೇಟೆಯ ತಕ್ಕಡಿಗಳನ್ನು ಪರೀಕ್ಷಿಸುವುದು, ಆಹಾರದ ಕಲಬೆರಕೆಯನ್ನು ತಡೆಯುವುದು, ಸಾರ್ವಜನಿಕ ದಾರಿ ಮತ್ತು ನೀರಿನ ಮೇಲೆ ಕಣ್ಣಿಡುವುದು ಅವನ ಹೊಣೆ. ಹನ್ನೊಂದನೆಯ ಶತಮಾನದ ವಿದ್ವಾಂಸ ಅಲ್ ಮಾವರ್ದಿಯವರು ಆಡಳಿತದ ಕುರಿತ ತಮ್ಮ ಗ್ರಂಥದಲ್ಲಿ ಈ ಹುದ್ದೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಮಾಲಿನ್ಯದ ಮೇಲಿನ ನಿಗಾ ಪಶ್ಚಿಮದಿಂದ ಬಂದ ಹೊಸ ಫ್ಯಾಷನ್ ಎಂದು ಮೂಗು ಮುರಿಯುವವರು ಇದನ್ನು ಓದಲಿ.

ವುಝೂವಿನ ನೀರಿನ ಬಗ್ಗೆ ನಮ್ಮ ಮದರಸಗಳಲ್ಲಿ ಎಷ್ಟು ಸೂಕ್ಷ್ಮವಾದ ಪಾಠ ನಡೆಯುತ್ತದೆ! ಅಶುದ್ಧ ವಸ್ತು ಬಿದ್ದು ನೀರಿನ ಬಣ್ಣ, ರುಚಿ, ವಾಸನೆಗಳಲ್ಲಿ ಯಾವುದಾದರೊಂದು ಬದಲಾದರೆ ಅದು ಶುದ್ಧಿಗೆ ಅಯೋಗ್ಯ ಎಂದು ಹತ್ತು ವರ್ಷದ ಬಾಲಕನೂ ಹೇಳಬಲ್ಲ. ನೀರನ್ನು ಪರೀಕ್ಷಿಸಿಯೇ ಅಲ್ಲಾಹನ ಮುಂದೆ ನಿಲ್ಲುವ ಸಮುದಾಯ ಇದು. ಹರಿಯುವ ನದಿಯ ದಡದಲ್ಲಿದ್ದರೂ ನೀರನ್ನು ದುಂದು ಮಾಡಬಾರದೆಂದು ಪ್ರವಾದಿ(ಸ)ರು ಕಲಿಸಿದರು. ಜನ ಬಳಸುವ ನೀರಿನ ಜಾಗದಲ್ಲಿ ಹೊಲಸು ಮಾಡುವವನನ್ನು ಶಾಪಕ್ಕೆ ಗುರಿಯಾಗುವವರ ಸಾಲಿನಲ್ಲಿ ಸೇರಿಸಿದರು. ಒಬ್ಬ ಮನುಷ್ಯನ ಒಂದು ಹೊತ್ತಿನ ಹೊಲಸಿನ ಬಗ್ಗೆ ಇಷ್ಟು ಕಟ್ಟುನಿಟ್ಟಾದ ಧರ್ಮ, ದಿನಕ್ಕೆ ಲಕ್ಷಾಂತರ ಲೀಟರ್ ಹೊಲಸಿನ ಬಗ್ಗೆ ಮೌನವಾಗಿರುವಂತೆ ಹೇಳುವುದೇ? ಮೌನವಿರುವುದು ಧರ್ಮದಲ್ಲಲ್ಲ, ಧರ್ಮದ ಹೆಸರಿನಲ್ಲಿ ಮಾತನಾಡುವವರ ನಾಲಿಗೆಯಲ್ಲಿ.

ಈ ಮೌನಕ್ಕೆ ಕಾರಣವೂ ಇದೆ. ಚರ್ಮದ ಹಣದಿಂದ ಒಳ್ಳೆಯ ಕೆಲಸಗಳು ನಡೆದಿವೆ. ವಾಣಿಯಂಬಾಡಿಯ ಇಸ್ಲಾಮಿಯಾ ಕಾಲೇಜು 1919ರಷ್ಟು ಹಿಂದಿನದು. ಆಂಬೂರು, ಮೇಲ್ವಿಶಾರಂಗಳ ಕಾಲೇಜುಗಳು, ಮದರಸಗಳು, ಅನಾಥಾಲಯಗಳು ಎಷ್ಟೋ ಬಡ ಮಕ್ಕಳನ್ನು ದಡ ಸೇರಿಸಿವೆ. ಆ ದಾನಿಗಳ ಔದಾರ್ಯವನ್ನು ನಾವು ಸಣ್ಣದು ಮಾಡುವುದಿಲ್ಲ. ಆದರೆ ದಾನವು ಹಕ್ಕುಬಾಧ್ಯತೆಯ ಬದಲಿಯಾಗದು. ನೆರೆಯವನ ಬಾವಿ ಕೆಡಿಸಿ ಗಳಿಸಿದ್ದರಲ್ಲಿ ನೂರಕ್ಕೆ ಎರಡೂವರೆ ಝಕಾತ್ ಕೊಟ್ಟ ಮಾತ್ರಕ್ಕೆ ಬಾವಿ ಸಿಹಿಯಾಗುವುದಿಲ್ಲ. ಮಸೀದಿಗೆ ಅಮೃತಶಿಲೆ ಹಾಸಿಸಿದವನನ್ನು ಎದುರಿನ ಸಾಲಿನಲ್ಲಿ ಕೂರಿಸುವ ಕಮಿಟಿಗಳು, ಅವನ ಕಾರ್ಖಾನೆಯ ಹಿಂದಿನ ತೋಡಿನ ಬಣ್ಣವನ್ನೂ ಒಮ್ಮೆ ನೋಡಿ ಬರಲಿ.

ಇದಕ್ಕೆ ಒಂದು ಆಕ್ಷೇಪವಿದೆ. ಇದೆಲ್ಲ ಮುಸ್ಲಿಮರ ವ್ಯಾಪಾರವನ್ನು ಮುಗಿಸುವ ಹುನ್ನಾರ ಎಂದು ಕೆಲವರು ಹೇಳುತ್ತಾರೆ. ಈ ಶಂಕೆ ಪೂರ್ತಿ ಆಧಾರವಿಲ್ಲದ್ದಲ್ಲ. ಜಾನುವಾರು ಮಾರಾಟದ ಮೇಲೆ 2017ರಲ್ಲಿ ಕೇಂದ್ರ ತಂದ ನಿಯಮಗಳು, ಗೋರಕ್ಷಣೆಯ ಹೆಸರಿನ ಹಲ್ಲೆಗಳು ಚರ್ಮದ ವ್ಯಾಪಾರಕ್ಕೆ ಪೆಟ್ಟು ಕೊಟ್ಟವು. 2019ರ ಕುಂಭಮೇಳಕ್ಕಾಗಿ ಕಾನ್ಪುರದ ಜಾಜ್‌ಮೌ ಟ್ಯಾನರಿಗಳನ್ನು ತಿಂಗಳುಗಟ್ಟಲೆ ಮುಚ್ಚಿಸಲಾಯಿತು. ಗಂಗೆಗೆ ಸೇರುವ ಕೊಳೆಯಲ್ಲಿ ದೊಡ್ಡ ಪಾಲು ನಗರಗಳ ಚರಂಡಿಯದ್ದೆಂಬುದು ಸರಕಾರಕ್ಕೂ ಗೊತ್ತಿತ್ತು. ಚರಂಡಿಗೆ ಒಂದು ನ್ಯಾಯ, ಟ್ಯಾನರಿಗೆ ಇನ್ನೊಂದು ನ್ಯಾಯವೇ ಎಂದು ಕೇಳುವ ಹಕ್ಕು ನಮಗಿದೆ. ಆದರೆ ಆ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಬೇಕಾದರೆ ಕೈಯಲ್ಲಿ ಏನಿರಬೇಕು? ನಂಬಲರ್ಹವಾದ ಅಳತೆ ಇರಬೇಕು. ಯಾರ ಕೊಳವೆಯಿಂದ ಎಷ್ಟು ಹೋಗುತ್ತಿದೆ ಎಂಬುದು ಊರೆಲ್ಲ ತಿಳಿದಿದ್ದರೆ ದ್ವೇಷದಿಂದ ಬೀಗ ಹಾಕುವವನಿಗೆ ಉತ್ತರ ಕೊಡಬಹುದು. ಪ್ರಾಮಾಣಿಕ ಮಾಲಕನಿಗೆ ಬಹಿರಂಗ ಅಳತೆಯಷ್ಟು ದೊಡ್ಡ ರಕ್ಷಣೆ ಬೇರೆ ಇಲ್ಲ. ಅದನ್ನು ವಿರೋಧಿಸುವವನು ಸಮುದಾಯವನ್ನು ರಕ್ಷಿಸುತ್ತಿಲ್ಲ, ಸಮುದಾಯದ ಹೆಸರನ್ನು ಗುರಾಣಿ ಮಾಡಿಕೊಂಡಿದ್ದಾನೆ. ಆ ಗುರಾಣಿಯ ಮೇಲೆ ಬೀಳುವ ಪೆಟ್ಟುಗಳನ್ನು ತಿನ್ನುವವರು ಬಡ ಕಾರ್ಮಿಕರು.

ಆ ಕಾರ್ಮಿಕರ ಗತಿ ಏನೆಂಬುದನ್ನು ರಾಣಿಪೇಟೆ ತೋರಿಸಿದೆ. 2015ರ ಜನವರಿ 31ರ ನಸುಕಿನಲ್ಲಿ ಅಲ್ಲಿನ ಸಾಮೂಹಿಕ ಶುದ್ಧೀಕರಣ ಘಟಕದ ಕೆಸರಿನ ತೊಟ್ಟಿಯ ಗೋಡೆ ಒಡೆದು, ಪಕ್ಕದ ಟ್ಯಾನರಿಯಲ್ಲಿ ಮಲಗಿದ್ದ 10 ಮಂದಿ ವಿಷದ ಕೆಸರಿನಲ್ಲಿ ಮುಳುಗಿ ಸತ್ತರು. ಹೆಚ್ಚಿನವರು ದೂರದ ಪಶ್ಚಿಮ ಬಂಗಾಳದಿಂದ ಹೊಟ್ಟೆಪಾಡಿಗೆ ಬಂದವರು. ಶುದ್ಧಿ ಮಾಡಬೇಕಾದ ಘಟಕವೇ ಮೃತ್ಯುವಾಯಿತು. ಅದೇ ರಾಣಿಪೇಟೆಯಲ್ಲಿ 1995ರಲ್ಲಿ ಉತ್ಪಾದನೆ ನಿಲ್ಲಿಸಿದ ಕ್ರೋಮೇಟ್ ಕಾರ್ಖಾನೆಯೊಂದು ಒಂದೂವರೆ ಲಕ್ಷ ಟನ್ನಿಗೂ ಮಿಕ್ಕಿದ ವಿಷತ್ಯಾಜ್ಯವನ್ನು ಬಯಲಿನಲ್ಲಿ ಗುಡ್ಡೆ ಹಾಕಿ ಹೋಯಿತು. ಕ್ಯಾನ್ಸರಿಗೆ ಕಾರಣವಾಗುವ ಬಗೆಯ ಕ್ರೋಮಿಯಂ ಅದರಲ್ಲಿದೆ. ಅಮೆರಿಕದ ಬ್ಲ್ಯಾಕ್‌ಸ್ಮಿತ್ ಸಂಸ್ಥೆ 2006ರಲ್ಲಿ ಮಾಡಿದ ಜಗತ್ತಿನ ಅತಿ ಮಲಿನ ಹತ್ತು ಸ್ಥಳಗಳ ಪಟ್ಟಿಯಲ್ಲಿ ಚೆರ್ನೋಬಿಲ್ ಜೊತೆ ರಾಣಿಪೇಟೆಯ ಹೆಸರೂ ಸೇರಿತು.

ಹಾಗಾದರೆ ಸಾಮಾನ್ಯ ಜನ ಏನು ಮಾಡಲಾದೀತು ಎಂದು ಕೇಳುವವರಿಗೆ ಕೇರಳದ ಚಾಲಿಯಾರ್ ನದಿಯ ಕಥೆ ಉತ್ತರ ಹೇಳುತ್ತದೆ. ಕೋಝಿಕ್ಕೋಡ್ ಜಿಲ್ಲೆಯ ಮಾವೂರಿನಲ್ಲಿ ಗ್ವಾಲಿಯರ್ ರೇಯಾನ್ಸ್ ಕಾರ್ಖಾನೆ 1960ರ ದಶಕದಲ್ಲಿ ಆರಂಭವಾಯಿತು. ಬಿದಿರಿನಿಂದ ತಿರುಳು, ತಿರುಳಿನಿಂದ ನೂಲು. ತ್ಯಾಜ್ಯವೆಲ್ಲ ಚಾಲಿಯಾರಿಗೆ. ಎದುರು ದಡದ ವಾಝಕ್ಕಾಡ್ ಪಂಚಾಯತಿನ ಅಧ್ಯಕ್ಷರಾಗಿದ್ದ ಕೆ.ಎ. ರಹ್ಮಾನ್ ಈ ಅನ್ಯಾಯದ ವಿರುದ್ಧ ದಶಕಗಳ ಕಾಲ ನಿಂತರು. 1974ರ ರಾಮನಿಲಯಂ ಒಪ್ಪಂದದಲ್ಲಿ ಸಿಕ್ಕಿದ ಭರವಸೆಗಳು ಕಾಗದದಲ್ಲಿಯೇ ಉಳಿದವು. ಅವರಿಗೆ ಎದುರಾಗಿ ಕಾರ್ಖಾನೆ ಇತ್ತು, ಸರಕಾರವಿತ್ತು, ಕೆಲಸ ಹೋಗುವ ಭಯದಿಂದ ಕಾರ್ಮಿಕ ಸಂಘಗಳೂ ಇದ್ದವು. ಆ ಭಯ ಸುಳ್ಳಾಗಿರಲಿಲ್ಲ. 1985ರಿಂದ 1988ರವರೆಗೆ ಕಾರ್ಖಾನೆ ಮುಚ್ಚಿದ್ದಾಗ ಹಸಿವಿಗೆ ಹೆದರಿ ಆತ್ಮಹತ್ಯೆ ಮಾಡಿಕೊಂಡ ಕಾರ್ಮಿಕರಿದ್ದರು. ಆದರೂ ರಹ್ಮಾನ್ ಹಿಂದೆ ಸರಿಯಲಿಲ್ಲ. ತಮ್ಮ ಊರಿನಲ್ಲಿ ಕ್ಯಾನ್ಸರಿನಿಂದ ಸತ್ತವರ ಲೆಕ್ಕವನ್ನು ಊರಿನವರೇ ತೆಗೆದು ಲೋಕದ ಮುಂದಿಟ್ಟರು. ಸರಕಾರದ ತಕ್ಕಡಿ ತೂಗದಿದ್ದುದನ್ನು ಪಂಚಾಯತಿನ ತಕ್ಕಡಿ ತೂಗಿತು. 1999ರ ಜನವರಿ 11ರಂದು ರಹ್ಮಾನರೂ ಕ್ಯಾನ್ಸರಿನಿಂದಲೇ ನಿಧನರಾದರು. ಅದೇ ವರ್ಷ ಕಾರ್ಖಾನೆಯ ಉತ್ಪಾದನೆ ನಿಂತಿತು. ಅವರು ಮಂತ್ರಿಯೂ ಅಲ್ಲ, ವಿಜ್ಞಾನಿಯೂ ಅಲ್ಲ. ಒಂದು ಹಳ್ಳಿಯ ಪಂಚಾಯತ್ ಅಧ್ಯಕ್ಷರು, ಅಷ್ಟೇ. ನಮ್ಮ ಸಭೆಗಳಲ್ಲಿ ವೀರರ ಹೆಸರು ಹೇಳುವವರು ಈ ಹೆಸರನ್ನೂ ಹೇಳಲಿ.

ಈಗ ಪಾಲಾರಿನ ಮೇಲ್ಭಾಗಕ್ಕೆ, ನಮ್ಮ ಕೋಲಾರಕ್ಕೆ ಬರೋಣ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದವರೆಗೆ ಶುದ್ಧೀಕರಿಸಿ ಬರಗಾಲದ ಈ ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಯೋಜನೆಯಲ್ಲಿ 2018ರ ಜೂನ್‌ನಲ್ಲಿ ನೀರು ಹರಿಯಲಾರಂಭಿಸಿತು. ಮರುತಿಂಗಳೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು. ವಿಷಯ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಮುಂದೆ ನೀರು ಮತ್ತೆ ಹರಿಯಿತು. ಅಂತರ್ಜಲ ಏರಿತು, ಬತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಕಂಡಿತು. ರೈತರ ಆ ಸಂತೋಷವನ್ನು ನಾವು ಕಸಿಯಬಯಸುವುದಿಲ್ಲ. ನೀರಿಲ್ಲದವನಿಗೆ ಉಪದೇಶ ಮಾಡುವುದು ಸುಲಭ. ಆದರೆ ಈ ನೀರು ಹೊರಡುವುದು ಬೆಳ್ಳಂದೂರು ಕೆರೆಗೆ ಹೊಂದಿಕೊಂಡ ಕಣಿವೆಯಿಂದ. ಅದೇ ಬೆಳ್ಳಂದೂರಿನಲ್ಲಿ 2015ರಲ್ಲಿಯೂ 2017ರಲ್ಲಿಯೂ ಬೆಂಕಿ ಎದ್ದಿತ್ತು. ಆ ಕೆರೆಯನ್ನು ಹಾಗೆ ಬಿಟ್ಟದ್ದಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2018ರ ಡಿಸೆಂಬರ್‌ನಲ್ಲಿ ರಾಜ್ಯ ಸರಕಾರಕ್ಕೆ 50 ಕೋಟಿ ರೂಪಾಯಿ ದಂಡ ಹಾಕಿತು. ಅಂಥ ಜಾಗದಿಂದ ಬರುವ ನೀರಿನಲ್ಲಿ ಲೋಹಗಳ ಅಂಶ ಎಷ್ಟಿದೆ ಎಂದು ಮಾಲೂರಿನ, ಬಂಗಾರಪೇಟೆಯ, ಮುಳಬಾಗಿಲಿನ ತಾಯಂದಿರಿಗೆ ತಿಂಗಳು ತಿಂಗಳೂ ತಿಳಿಯಬೇಡವೇ? ಪಾಲಾರಿಗಾಗಿ ರಾಜ್ಯಗಳು ಕೋರ್ಟು ಹತ್ತಿದ್ದು ಯಾರಿಗೆ ಎಷ್ಟು ನೀರು ಎಂದು. ಹರಿದು ಬರುವ ನೀರು ಎಂಥದ್ದು ಎಂಬ ಪ್ರಶ್ನೆಗೆ ಆ ಉತ್ಸಾಹವಿಲ್ಲ. ಹಂಚಿಕೆಗೆ ಜಗಳ, ಕೊಳೆಗೆ ಮೌನ!

ಇಂಥ ಹೊತ್ತಿನಲ್ಲಿ ಕಾನೂನು ಬಿಗಿಯಾಗಬೇಕಿತ್ತು. ಆಗಿರುವುದು ತಿರುವುಮುರುವು. ಮಿತಿ ಮೀರಿ ಕೊಳೆ ಬಿಟ್ಟವನಿಗೆ ಒಂದೂವರೆ ವರ್ಷದಿಂದ ಆರು ವರ್ಷದ ತನಕ ಜೈಲು ಎಂದಿದ್ದ ನಿಯಮವನ್ನು 2024ರ ಜಲಮಾಲಿನ್ಯ ತಿದ್ದುಪಡಿ ಕಾಯ್ದೆ ತೆಗೆದುಹಾಕಿ, 10,000 ರೂಪಾಯಿಯಿಂದ 15 ಲಕ್ಷದವರೆಗಿನ ದಂಡವನ್ನಷ್ಟೇ ಇಟ್ಟಿತು. ಮೊದಲು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ, ಬಳಿಕ ಒಪ್ಪಿದ ರಾಜ್ಯಗಳಿಗೆ ಅದು ಅನ್ವಯ. ಕೋಟಿಗಟ್ಟಲೆ ವಹಿವಾಟಿನ ಕಂಪೆನಿಗೆ 15 ಲಕ್ಷವೆಂದರೆ ಶಿಕ್ಷೆಯೇ? ಶುದ್ಧೀಕರಣ ಘಟಕ ಓಡಿಸುವುದಕ್ಕಿಂತ ಅಗ್ಗದ ಬಾಡಿಗೆ ಅದು. ವ್ಯಾಪಾರ ಸುಲಭವಾಗಲಿ, ಬೇಡವೆನ್ನುವವರಾರು? ಆದರೆ ವಿಷ ಬಿಡುವುದು ಸುಲಭವಾಗಬಾರದು.

ಹೀಗಿದ್ದರೂ ಕೈಕಟ್ಟಿ ಕೂರಬೇಕಾಗಿಲ್ಲ. 1974ರ ಕಾಯ್ದೆಯ 25ನೆಯ ಕಲಮಿನಂತೆ ಕಾರ್ಖಾನೆಗೆ ಯಾವ ಷರತ್ತುಗಳ ಮೇಲೆ ಸಮ್ಮತಿ ಕೊಡಲಾಗಿದೆ ಎಂಬ ದಾಖಲೆಪುಸ್ತಕವನ್ನು ಮಂಡಳಿ ಇಡಬೇಕು, ಆ ಕೊಳವೆಯಿಂದ ಬಾಧಿತನಾದ ಯಾವನೇ ವ್ಯಕ್ತಿ ಬಂದು ನೋಡಲು ಅವಕಾಶ ಕೊಡಬೇಕು. ಈ ಹಕ್ಕು ಅರ್ಧ ಶತಮಾನದಷ್ಟು ಹಳೆಯದು. ಅದನ್ನು ಬಳಸಿದವರೆಷ್ಟು ಮಂದಿ? ಮಾಹಿತಿ ಹಕ್ಕು ಕಾಯ್ದೆ 2005ರಿಂದಿದೆ. ಹತ್ತು ರೂಪಾಯಿಯ ಅರ್ಜಿಗೆ 30 ದಿನಗಳೊಳಗೆ ಉತ್ತರ ಕೊಡಬೇಕು. ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈಯಲ್ಲಿದೆ. ಹಾನಿಗೊಳಗಾದವನು ಐದು ವರ್ಷಗಳೊಳಗೆ ಪರಿಹಾರ ಕೇಳಬಹುದು. ಎಲ್.ಎಲ್.ಬಿ. ಓದಿದ ತರುಣರು, ರಸಾಯನಶಾಸ್ತ್ರದಲ್ಲಿ ಪದವಿ ಪಡೆದ ಸಹೋದರಿಯರು ಇಂದು ಪ್ರತಿ ಪಟ್ಟಣದ ಜಮಾಅತ್‌ನಲ್ಲಿದ್ದಾರೆ. ಅವರಿಗೆ ಕೆಲಸ ಕೊಡಿ. ಬೈಕಂಪಾಡಿಯಿಂದ ಪೀಣ್ಯದವರೆಗೆ ಕೈಗಾರಿಕಾ ವಲಯದ ಪಕ್ಕದಲ್ಲಿ ಬದುಕುವ ಪ್ರತಿಯೊಂದು ಮೊಹಲ್ಲಾದಲ್ಲಿಯೂ ನೀರಿನ ಲೆಕ್ಕ ಇಡುವ ಒಂದು ಸಮಿತಿಯಿರಲಿ. ಅದರಲ್ಲಿ ನೆರೆಯ ಹಿಂದೂ, ಕ್ರೈಸ್ತ ಸಹೋದರರೂ ಇರಲಿ. ವಿಷ ಜಾತಿ ಕೇಳಿ ಬಾವಿಗಿಳಿಯುವುದಿಲ್ಲ.

ಸರಕಾರದಿಂದ ಕೇಳಬೇಕಾದದ್ದೂ ಬಹಳವೇನಿಲ್ಲ. ಅಳೆಯುವ ಯಂತ್ರ ಕಾರ್ಖಾನೆಯವನ ಸುಪರ್ದಿಯಿಂದ ಹೊರಬರಲಿ. ಖರ್ಚು ಅವನದಿರಲಿ, ಬೀಗದ ಕೈ ಬೇರೆಯವರಲ್ಲಿರಲಿ. ಮಾದರಿ ತೆಗೆಯುವಾಗ ಗ್ರಾಮ ಪಂಚಾಯತಿನ ಒಬ್ಬ ಸದಸ್ಯ ಸಾಕ್ಷಿಯಾಗಿರಲಿ. ಉಪ್ಪು ಮತ್ತು ಲೋಹಗಳ ಅಂಕಿಗಳೂ ಪಟ್ಟಿಯಲ್ಲಿ ಬರಲಿ, ಬಾವಿಗಳೂ ಪರೀಕ್ಷೆಯಾಗಲಿ. ಫಲಿತಾಂಶವನ್ನು ಪ್ರತಿ ತಿಂಗಳು ಕನ್ನಡದಲ್ಲಿ ಪಂಚಾಯತ್ ಕಚೇರಿಯ ಗೋಡೆಯ ಮೇಲೆ ಬರೆಯಿಸಲಿ. ಪಾಲಾರಿನಂಥ ನದಿಗಳಿಗೆ ಮೂರೂ ರಾಜ್ಯಗಳ ಮಂಡಳಿಗಳು ಸೇರಿ ಒಂದೇ ಲೆಕ್ಕ ಇಡಲಿ.

ಅಂತಿಮ ದಿನದಲ್ಲಿ ತಕ್ಕಡಿ ನಿಲ್ಲಿಸಲಾಗುವುದು, ಸಾಸಿವೆಯಷ್ಟು ಕರ್ಮವೂ ಅದರ ಲೆಕ್ಕದಿಂದ ತಪ್ಪದು ಎಂದು ನಂಬಿದವರು ನಾವು. ಆ ನಂಬಿಕೆಯುಳ್ಳವನು ಈ ಲೋಕದ ಸಣ್ಣ ತಕ್ಕಡಿಗೆ ಹೆದರಬೇಕಾಗಿಲ್ಲ. ಕಾರ್ಖಾನೆ ನಡೆಸುವವನು ತನ್ನ ಕೊಳವೆಯ ಬಾಯಿಯನ್ನು ಊರಿಗೆ ತೋರಿಸಲಿ. ಮಸೀದಿಯ ಕಮಿಟಿ ಬರುವ ಶುಕ್ರವಾರ ಖತೀಬರಿಗೆ ಈ ವಿಷಯವನ್ನು ಕೊಡಲಿ. ಓದುಗರು ತಮ್ಮ ಮನೆಯ ಬಾವಿಯ ಒಂದು ಬಾಟಲಿ ನೀರನ್ನು ಹತ್ತಿರದ ಪ್ರಯೋಗಾಲಯಕ್ಕೆ ಒಯ್ದು, ಬಂದ ಫಲಿತಾಂಶದ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಲಿ. ನಾಳೆ ಯಾವುದೋ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವುದು ಆ ಕಾಗದವೇ.